ಗುಂಡಗೆ ಒರೆಸಿದ ಡಿಸ್ಕುಗಳು

ನಮ್ಮ ಚಿಕ್ಕಪ್ಪ ಹತ್ತೊಂಬತ್ತು ವರ್ಷದಿಂದ ಅಳತೆ ಕಚೇರಿಯ ನೆಲಮಾಳಿಗೆಯಲ್ಲಿದ್ದಾರೆ. ಕಿಟಕಿಯಿಲ್ಲದ ಕೋಣೆ, ಊರಿನ ನಕ್ಷೆಗಳನ್ನೆಲ್ಲ ತುಂಬಿಟ್ಟ ಸಾವಿರಾರು ಡಿಸ್ಕು, ಅವನ್ನು ಓದುವ ಒಂದು ಹಳೆಯ ಡ್ರೈವು. ರಸ್ತೆಯ ಧೂಳು ಗಾಳಿಕಿಂಡಿಯಿಂದ ಇಳಿಯುತ್ತದೆ, ಗೋಡೆಯಿಂದ ತೇವ ಏರುತ್ತದೆ. ಚಳಿಯ ಬೆಳಿಗ್ಗೆ ಡ್ರೈವಿನೊಳಗಿನ ಮಸೂರಕ್ಕೆ ಮಂಜು ಕಟ್ಟುತ್ತದೆಂದು ಪಕ್ಕದಲ್ಲಿ ಮೇಜುದೀಪ ಹಚ್ಚಿಟ್ಟು, ಆ ಕಾವಿಗೆ ಆರಲೆಂದು ಅರ್ಧ ಗಂಟೆ ಕಾಯುತ್ತಾರೆ. ಸ್ವಂತ ಮಗಳಿಗೆ ಜ್ವರ ಬಂದಾಗಲೂ ಹೀಗೆ ಕಾದವರಲ್ಲ ಎಂದು ಚಿಕ್ಕಮ್ಮನ ದೂರು.

ಆ ಡಿಸ್ಕುಗಳು ಅವರೊಬ್ಬರ ಮಾತು ಕೇಳುತ್ತವೆಂದು ಕಚೇರಿಯಲ್ಲಿ ಹೆಸರು. ಗುಟ್ಟು ನನಗೊಬ್ಬನಿಗೆ ಗೊತ್ತು. ಕೆಲಸಕ್ಕೆ ಸೇರಿದ ವರ್ಷ, ಧೂಳು ಕಂಡಾಗಲೆಲ್ಲ ಅಂಗಿಯ ತುದಿಯಿಂದ, ಊಟದ ತಟ್ಟೆ ಒರೆಸುವಂತೆ ಗುಂಡಗೆ ಒರೆಸಿಬಿಟ್ಟರು. ಡಿಸ್ಕಿನ ಬರಹ ಸುರುಳಿಯಾಗಿ ಸಾಗುತ್ತದೆ. ಧೂಳಿನ ಹರಳು ಆ ಸಾಲಿನುದ್ದಕ್ಕೇ ಗೀರಿತು. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಇನ್ನೂರು ಡಿಸ್ಕು ಹಾಳಾದವು. ಯಾರಾದರೂ ಅವನ್ನು ಕೇಳಿದರೆ, ಬಾಗಿಲು ಹಾಕಿಕೊಂಡು ಹಲ್ಲುಜ್ಜುವ ಪೇಸ್ಟಿನಿಂದ ಗೀರು ಉಜ್ಜಿ, ತೊಳೆದು, ಹೇಗೋ ಓದಿಸುತ್ತಾರೆ. ಮನೆಯಲ್ಲಿರುವುದು ಮೂವರು, ಪೇಸ್ಟು ವಾರಕ್ಕೊಂದು ಖಾಲಿಯಾಗುವುದೇಕೆಂದು ಚಿಕ್ಕಮ್ಮ ಇನ್ನೂ ತಲೆ ಕೆಡಿಸಿಕೊಂಡಿದ್ದಾರೆ.

ಕೆಮ್ಮು ಹೆಚ್ಚಾದ ಮೇಲೆ, ಗೋಗರೆದು ಮೂರನೇ ಮಹಡಿಗೆ ಬದಲಿ ಪಡೆದರು. ಅಲ್ಲಿ ಎರಡು ಕಿಟಕಿಗಳಿದ್ದವು. ಚಿಕ್ಕಮ್ಮ ಹಿಗ್ಗಿ, ಮೆತ್ತನೆಯ ಹತ್ತಿಬಟ್ಟೆಯಲ್ಲಿ ಪರದೆ ಹೊಲಿದರು. ಸಾಹೇಬರ ಷರತ್ತು ಒಂದೇ: ನೆಲಮಾಳಿಗೆಗೆ ಅವರ ಬದಲು ಬರುವ ಹೊಸ ಕ್ಲಾರ್ಕ್ ಪ್ರತಿಯೊಂದು ಡಿಸ್ಕನ್ನೂ ಓದಿಸಿ ನೋಡಿ ಸಹಿ ಹಾಕಬೇಕು.

ನಾಲ್ಕನೆಯದೇ ಓದಲಿಲ್ಲ.

“ಸರ್, ಇದಕ್ಕೆ ನೀವು ಏನ್ ಮಾಡ್ತಿದ್ರಿ? ಹೇಳ್ಕೊಡಿ, ನಾನೂ ಮಾಡ್ತೀನಿ,” ಎಂದಳು ಆ ಕ್ಲಾರ್ಕ್.

ಹೇಳಿದರೆ ಗೀರು ಯಾರದೆಂಬುದೂ ಹೊರಬೀಳುತ್ತಿತ್ತು. ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಚಿಕ್ಕಪ್ಪ ಡಿಸ್ಕನ್ನು ಅತ್ತಿತ್ತ ತಿರುಗಿಸಿದರು.

“ಅದು... ಕೈಗುಣ ಅಮ್ಮಾ.”

ಸಾಹೇಬರು ನಕ್ಕು ಅವರ ಬೆನ್ನು ತಟ್ಟಿದರು. “ಹಾಗಾದ್ರೆ ನಿಮ್ಮನ್ನ ಕಳಿಸೋಕಾಗಲ್ಲ ಬಿಡಿ! ನಿವೃತ್ತಿವರೆಗೂ ಇಲ್ಲೇ ಇರಿ.”

ಒಂದು ಮಾತು ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು, ಅಷ್ಟೇ ತಾನೆ? ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಸಂಜೆ ನಾನು ಅವರ ಮನೆಯಲ್ಲೇ ಇದ್ದೆ. “ನಾನಿಲ್ದೆ ಆಫೀಸು ನಡೆಯಲ್ವಂತೆ ಕಣೇ,” ಎಂದರು ಚಿಕ್ಕಪ್ಪ.

“ನೋಡಿದ್ಯೇನೋ? ನಿಮ್ಮ ಚಿಕ್ಕಪ್ಪನ ಬೆಲೆ ಈಗ ಗೊತ್ತಾಯ್ತು ಅವರಿಗೆ!” ಎಂದು ಚಿಕ್ಕಮ್ಮ ನನ್ನತ್ತ ತಿರುಗಿ ಬೀಗಿದರು. ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಆ ಪರದೆಯನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿ, ಡಿಸ್ಕು ಒರೆಸಲೆಂದು ಚೀಲಕ್ಕೆ ತುಂಬಿಕೊಂಡರು. ಜೊತೆಗೆ ಒಂದು ಹೊಸ ಪೇಸ್ಟು.