ಶೇರೂವಿನ ಕೆಂಪು ಪಟ್ಟಿ

ಖಾನ್ ಭಾಯಿ, ನಿನ್ನ ಶೇರೂ ಮಂಜಿನಲ್ಲಿ ದಾರಿ ತಪ್ಪಲಿಲ್ಲ. ನಾಯಿ ಹಿಡಿಯುವ ಗಾಡಿಗೆ ಅವನನ್ನು ಕೊಟ್ಟವನು ನಾನು. ಇಷ್ಟು ಹೇಳಲು ನನಗೆ ಏಳು ವರ್ಷ ಬೇಕಾಯಿತು — ಅದೂ ನಿನಗೆ ಓದಲು ಬಾರದ ಕನ್ನಡದಲ್ಲಿ. ಥೂ, ನನ್ನ ಧೈರ್ಯಕ್ಕಿಷ್ಟು!

ಈ ಅರಬ್ ನಾಡಿನಲ್ಲಿ, ರುವೈಸ್ ರಸ್ತೆಯಿಂದ ಒಳಗೆ, ಮರಳಿನ ನಡುವಿನ ಆ ಖರ್ಜೂರದ ತೋಟದಲ್ಲಿ ನಾವಿದ್ದದ್ದು ಇಬ್ಬರೇ. ಗದಗಿನ ಕಡೆಯ ನಾನು ನೀರಿನ ಪಂಪು ನೋಡಿಕೊಳ್ಳುವವನು. ಪಾಕಿಸ್ತಾನದ ಹಿಮದ ಬೆಟ್ಟಗಳಿಂದ ಬಂದ ನೀನು ಆಡು ಕಾಯುವವನು. ಚಳಿಗಾಲದ ಸಂಜೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತ ನೀನು ನಿನ್ನೂರಿನ ಕಥೆ ಹೇಳುತ್ತಿದ್ದೆ — ಬಾಗಿಲು ಮುಚ್ಚುವಷ್ಟು ಹಿಮ, ಆಡು, ಮಕ್ಕಳು, ನಾಯಿ ಎಲ್ಲ ಒಂದೇ ಕೋಣೆಯಲ್ಲಿ ಮೂರು ತಿಂಗಳು. “ಹಿಮದಲ್ಲಿ ಮನುಷ್ಯನಿಗೆ ದಾರಿ ತಪ್ಪುತ್ತೆ ಭಾಯಿ, ನಾಯಿಗೆ ತಪ್ಪಲ್ಲ,” ಎಂದು ಶೇರೂವಿನ ಕಿವಿ ಹಿಂಡುತ್ತಿದ್ದೆ. ಅವನ ಕೊರಳಲ್ಲಿ ನಿನ್ನ ತಾಯಿ ಹೆಣೆದ ಕೆಂಪು ಉಣ್ಣೆಯ ಪಟ್ಟಿ, ದೃಷ್ಟಿ ತಾಗದಿರಲೆಂದು ಅದಕ್ಕೊಂದು ನೀಲಿ ಮಣಿ. ಪಟ್ಟಿಯಿದ್ದ ನಾಯಿಯನ್ನು ಗಾಡಿಯವರು ಮುಟ್ಟುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನೀನು ಎರಡು ತಿಂಗಳ ರಜೆಗೆ ಹೋದೆ. ಆಡುಗಳೂ, ಶೇರೂವೂ ನನ್ನ ಪಾಲಿಗೆ ಬಂದರು. ಆ ಸಲ ಮಂಜು ಕವಿದರೆ ಮಧ್ಯಾಹ್ನದವರೆಗೆ ಪಂಪಿನ ಶೆಡ್ಡೇ ಕಾಣುತ್ತಿರಲಿಲ್ಲ. ಮಾತಾಡಿಸಲು ಒಂದು ನರಪಿಳ್ಳೆಯೂ ಇಲ್ಲ. ಶೇರೂ ಇದ್ದ — ಆದರೆ ನನಗಿದ್ದನೇ? ಹಾಕಿದ್ದು ತಿಂದು, ಬಾಲ ಅಲ್ಲಾಡಿಸಿ, ಸೀದಾ ಗೇಟಿಗೆ ಹೋಗಿ ನಿನ್ನ ದಾರಿ ಕಾಯುತ್ತ ಕೂತುಬಿಡುತ್ತಿದ್ದ. ನನಗೆ ಹೊಟ್ಟೆ ಉರಿಯಿತು. ಹೌದು, ಒಂದು ನಾಯಿಯ ವಿಷಯಕ್ಕೆ — ನಗಬೇಡ. ನಿನ್ನ ಮನೆಯ ವಾಸನೆ ಕೊರಳಲ್ಲಿರುವತನಕ ಅವನು ನನ್ನವನಾಗಲಾರ ಎಂದುಕೊಂಡು ಆ ಪಟ್ಟಿ ಬಿಚ್ಚಿ ನನ್ನ ಟ್ರಂಕಿನ ತಳಕ್ಕೆ ಹಾಕಿದೆ. ಬಿಚ್ಚುವಾಗ ಗಾಡಿಯ ನೆನಪು ಬರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಬಂದಿತ್ತು.

ಮೂರನೆಯ ದಿನ ಗಾಡಿ ಬಂತು. ಶೇರೂ ಗೇಟಿನ ಹೊರಗೇ ಕೂತಿದ್ದ. ಗಾಡಿಯಿಂದ ಇಳಿದವನು ಮಂಗಳೂರಿನ ಕಡೆಯವನು. ನನ್ನ ಊರು ಕೇಳಿ ಕನ್ನಡಕ್ಕೆ ತಿರುಗಿದ. “ಎಂಥ ಮಾರಾಯ್ರೆ, ಇದು ನಿಮ್ದಾ? ಕುತ್ತಿಗೆಯಲ್ಲಿ ಎಂಥದೂ ಇಲ್ಲ ಅಲ್ವಾ. ನಿಮ್ದಾದ್ರೆ ಹೇಳಿ, ಬಿಟ್ಟು ಹೋಗ್ತೇನೆ.”

ತಿಂಗಳಿಂದ ಕೇಳಿರದ ನನ್ನ ಭಾಷೆಯಲ್ಲೇ ಕೇಳಿದ. ಅರ್ಥವಾಗಲಿಲ್ಲ ಎನ್ನುವ ಹಾಗೂ ಇರಲಿಲ್ಲ. ಟ್ರಂಕು ಹತ್ತು ಹೆಜ್ಜೆ ದೂರ. ಶೇರೂ ಆಗಲೂ ನನ್ನ ಕಡೆ ತಿರುಗದೆ ರಸ್ತೆಯನ್ನೇ ನೋಡುತ್ತಿದ್ದ.

“ನಮ್ದಲ್ರೀ,” ಎಂದೆ.

ಗಾಡಿಯ ಬಾಗಿಲು ಹಾಕುವಾಗ ಶೇರೂ ನನ್ನನ್ನು ನೋಡಿದ. ಆಗಲಾದರೂ — ಇಲ್ಲ, ಬಾಯಿ ಬಿಡಲಿಲ್ಲ ನಾನು. ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ನಾಯಿ ಬಗೆಯಲಿಲ್ಲ, ನಿನ್ನ ರೊಟ್ಟಿ ತಿಂದ ನಾನು ಬಗೆದೆ.

ನೀನು ನನಗೆಂದು ಶಾಲು, ಅಕ್ರೋಟು ಹೊತ್ತು ಬಂದೆ. “ಶೇರೂ ಮಂಜಿನಲ್ಲಿ ದಾರಿ ತಪ್ಪಿ ಹೋದ,” ಎಂದೆ ನಾನು. ಹಿಮವನ್ನೇ ಕಾಣದವನು ಹೇಳುವ ಸುಳ್ಳು ಅದು. ಬೈಯುತ್ತೀಯ ಅಂದುಕೊಂಡಿದ್ದೆ, ನಿನ್ನ ಮುಖ ಅರಳಿತು. “ಅಷ್ಟೇನಾ? ಹಾಗಾದ್ರೆ ಬರ್ತಾನೆ ಬಿಡು. ನಾಯಿಗೆ ದಾರಿ ತಪ್ಪಲ್ಲ.” ಸತ್ತ ಎಂದಿದ್ದರೆ ಒಮ್ಮೆ ಅತ್ತು ಸುಮ್ಮನಾಗುತ್ತಿದ್ದೆಯೇನೋ. ಆ ಚಳಿಗಾಲವಿಡೀ ಪ್ರತಿ ಬೆಳಿಗ್ಗೆ ನೀನು ಗೇಟಿನಲ್ಲಿ ನಿಂತು ಮಂಜಿನೊಳಗೆ ಅವನ ಹೆಸರು ಕೂಗಿದೆ. ನನಗೆ ಕೇಳಿಸದಿರಲೆಂದು ನಾನು ಪಂಪು ಚಾಲೂ ಮಾಡುತ್ತಿದ್ದೆ.

ನೀನು ಕೆಲಸ ಬಿಟ್ಟು ಊರು ಸೇರಿ ನಾಲ್ಕು ವರ್ಷವಾಯಿತು. ನಾನಿನ್ನೂ ಇದೇ ತೋಟದಲ್ಲಿದ್ದೇನೆ. ಪ್ರತಿ ಈದಿಗೂ ಫೋನ್ ಮಾಡುತ್ತೀಯ — ಸಲಾಮು, ಆಡುಗಳ ಕ್ಷೇಮ, ಕೊನೆಗೆ, “ಶೇರೂ ಬಂದ್ನಾ?” “ಇನ್ನೂ ಇಲ್ಲ,” ಎನ್ನುತ್ತೇನೆ. “ಬಂದ್ರೆ ಹೊಟ್ಟೆ ತುಂಬಾ ಹಾಕು,” ಎನ್ನುತ್ತೀಯ.

ನಾಳಿದ್ದು ಈದ್. ಪಟ್ಟಿಯನ್ನು ಟ್ರಂಕಿನಿಂದ ತೆಗೆದು ಫೋನಿನ ಪಕ್ಕದಲ್ಲಿಟ್ಟಿದ್ದೇನೆ. ಈ ಸಲ ನೀನು ಕೇಳುವವರೆಗೆ ಕಾಯುವುದಿಲ್ಲ; ಅವನು ಬರಲ್ಲ ಖಾನ್ ಭಾಯಿ, ನಾನೇ ಕೊಟ್ಟುಬಿಟ್ಟೆ, ಎಂದು ಹೇಳುತ್ತೇನೆ. ಆಮೇಲೆ ನೀನು ಫೋನ್ ಇಟ್ಟುಬಿಟ್ಟರೆ ನನ್ನ ಹೆಸರು ಹಿಡಿದು ಕರೆಯುವವರು ಇಲ್ಲಿ ಯಾರೂ ಉಳಿಯುವುದಿಲ್ಲ. ಉಳಿಯದಿರಲಿ.