ಬಲಕ್ಕೆ ಸುತ್ತಿದ ಹೊಲ

ಅದು 2002ರ ಬೇಸಿಗೆ. ಆಗ ನಾನು ಗೋಕಾಕದ ಒಂದು ವಾರಪತ್ರಿಕೆಯ ವರದಿಗಾರ. ಊರಿನ ಗಣಿತ ಉಪನ್ಯಾಸಕರೊಬ್ಬರು ಅಂಕುಡೊಂಕು ಹೊಲಗಳ ಗೆರೆಯನ್ನು ಕಂಪ್ಯೂಟರಿನಲ್ಲಿ ಎಳೆದು, ಒಳಗಿನ ಕ್ಷೇತ್ರಫಲ ತೆಗೆಯುತ್ತಾರೆಂದು ಕೇಳಿ ಅವರ ಮನೆಗೆ ಹೋಗಿದ್ದೆ.

ಅಲ್ಲಿ ಕೊಣ್ಣೂರಿನ ಪದ್ಮವ್ವ ಮತ್ತು ಆಕೆಯ ಮೈದುನ ಜಿನ್ನಪ್ಪ ಕುಳಿತಿದ್ದರು. ಪದ್ಮವ್ವನ ಗಂಡ ತೀರಿಕೊಂಡು ವರ್ಷವಾಗಿತ್ತು. ಆಸ್ತಿ ಇಬ್ಬರಿಗೂ ಸಮನಾಗಿ ಪಾಲಾಗಬೇಕಿತ್ತು. ಮೇಲಿನ ಚೌಕ ಹೊಲ, ಸರಿಯಾಗಿ ಒಂದು ಎಕರೆ, ಆಕೆಗೆ. ಘಟಪ್ರಭೆಯ ದಂಡೆಯ ಹೊಲ ಜಿನ್ನಪ್ಪನಿಗೆ. ಹೊಳೆ ಬಳುಕಿದಂತೆ ಅದರ ಅಂಚೂ ಬಳುಕಿತ್ತು.

"ಹೊಳಿ ತಿಂದೈತ್ರಿ, ನನ್ನ ಪಾಲು ಕಡಿಮಿ. ವೈನಿ ತಮ್ಮ ಹೊಲದಾಗ ಹತ್ತು ಗುಂಟೆ ಬಿಡಬೇಕು" ಎಂಬುದು ಅತ್ತಿಗೆಯೆದುರು ಜಿನ್ನಪ್ಪ ಹಿಡಿದ ಪಟ್ಟು. ಬಾವಿ ಇದ್ದದ್ದು ಆ ಹತ್ತು ಗುಂಟೆಯಲ್ಲೇ. ಅದು ಹೋದರೆ ಆಕೆಗೆ ಉಳಿಯುವುದು ಒಣಭೂಮಿ.

ಉಪನ್ಯಾಸಕರು ಹೇಳಿದಂತೆ ಇಬ್ಬರೂ ಕೂಡಿಯೇ ದಂಡೆಯ ಹೊಲದ ಪ್ರತಿ ತಿರುವಿನಲ್ಲಿ ಗೂಟ ನೆಟ್ಟು, ಮೂಲೆಗಲ್ಲಿನಿಂದ ಪೂರ್ವಕ್ಕೆಷ್ಟು ಅಡಿ, ಉತ್ತರಕ್ಕೆಷ್ಟು ಅಡಿ ಎಂದು ಟೇಪಿನಿಂದ ಅಳೆದಿದ್ದರು. ಪದ್ಮವ್ವ ಅದನ್ನೆಲ್ಲ ಸಾಲಾಗಿ ಬರೆದು ತಂದಿದ್ದಳು. ಉಪನ್ಯಾಸಕರು ಅದೇ ಸಾಲಿನಲ್ಲಿ ಅಂಕಿಗಳನ್ನು ಒತ್ತಿದರು. ಪರದೆಯ ಮೇಲೆ ಮಾವಿನಕಾಯಿಯಂಥ ಗೆರೆ ಕೂಡಿಕೊಂಡಿತು. ಕೆಳಗೆ ಉತ್ತರ: ಮೈನಸ್ ನಲವತ್ತೊಂದು ಗುಂಟೆ.

ಜಿನ್ನಪ್ಪ ತೊಡೆ ತಟ್ಟಿ ನಕ್ಕ. "ನೋಡ್ರಿ ಸರ, ಹೊಲಾನ ಇಲ್ಲಂತ! ವೈನಿ, ಇನ್ನ ಹತ್ತ ಗುಂಟೆ ಸಾಲಂಗಿಲ್ಲ, ಪೂರಾ ಬಿಟ್ಟಬಿಡ್ರಿ!"

ನಾನೂ ನಕ್ಕುಬಿಟ್ಟೆ. ಪದ್ಮವ್ವನ ಮುಖ ಬಿಳಿಚಿಕೊಂಡಿತು.

ಉಪನ್ಯಾಸಕರು ಮಾತ್ರ ನಗಲಿಲ್ಲ. "ಅವ್ವಾರ, ಗೂಟ ಬರಕೋತ ಹೊಲಾ ಹೆಂಗ ಸುತ್ತಿದ್ರಿ?"

"ಬಲಕ್ಕ ಇಟಗೊಂಡರಿ, ಬಸದಿ ಸುತ್ತಿದಂಗ. ಅನ್ನಾ ಕೊಡೂ ಭೂಮಿನ ಎಡಕ್ಕ ಇಟಗೊಂಡ ಯಾರಾರ ಸುತ್ತತಾರೇನ್ರಿ?"

"ಖರೆ ಐತ್ರಿ. ಆದ್ರ ಗಣಿತದಾಗ ಎಡಸುತ್ತು ಪ್ಲಸ್, ಬಲಸುತ್ತು ಮೈನಸ್. ಸುತ್ತಿದ ದಿಕ್ಕಷ್ಟ ಬ್ಯಾರೆ, ಹೊಲಾ ಇದ್ದಷ್ಟ ಐತಿ."

ಅವರು ಕೊನೆಯ ಗೂಟದಿಂದ ಹಿಂದಕ್ಕೆ ಅಂಕಿಗಳನ್ನು ಒತ್ತಿದರು. ಅದೇ ಗೆರೆ, ಅದೇ ನಲವತ್ತೊಂದು, ಮೈನಸ್ ಇರಲಿಲ್ಲ. ಎಕರೆಗೆ ನಲವತ್ತು ಗುಂಟೆ. ಜಿನ್ನಪ್ಪನ ಪಾಲೇ ಒಂದು ಗುಂಟೆ ಹೆಚ್ಚಿತ್ತು.

ಆತ ಟವೆಲ್ಲನ್ನು ಹೆಗಲಿಗೇರಿಸಿದ. "ಬಾವಿ ನಿಮಗ ಇರ್ಲಿ, ವೈನಿ" ಎಂದು ಎದ್ದು ಹೋದ. ಹೆಚ್ಚಿದ್ದ ಒಂದು ಗುಂಟೆಯ ಮಾತನ್ನು ಪದ್ಮವ್ವ ಎತ್ತಲಿಲ್ಲ.

ಹೊರಗೆ ಚಪ್ಪಲಿ ಮೆಟ್ಟುವಾಗ ಆಕೆ ನನ್ನತ್ತ ತಿರುಗಿದಳು. "ಅಂವಾ ನಕ್ಕಿದ್ದು ತಿಳೀತ್ರಿ, ಅಂವಗ ಬಾವಿ ಬೇಕಾಗಿತ್ತು. ನೀವ್ಯಾಕ ನಕ್ಕಿರಿ?"

ಆ ವಾರ ಕಂಪ್ಯೂಟರಿನ ಬಗ್ಗೆ ನನ್ನ ವರದಿ ಅಚ್ಚಾಯಿತು. ಅಂಕಿಗಳೆಲ್ಲ ಸರಿಯಾಗಿದ್ದವು. ಆಕೆಯ ಪ್ರಶ್ನೆಯನ್ನು ಮಾತ್ರ ನಾನು ಬರೆದಿರಲಿಲ್ಲ. ಇಂದು ಬರೆದಿದ್ದೇನೆ.