ಮುನಿಗಂಗಮ್ಮನ ಒಂದು ಮುಷ್ಟಿ

ವೇಣು ಪುಸ್ತಕ ಬರೆಯುತ್ತಾನೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಯಾವ ಪುಸ್ತಕ ಎಂದು ಯಾರಿಗೂ ಗೊತ್ತಿರಲಿಲ್ಲ. ಕ್ಯಾಸಂಬಳ್ಳಿ ಕಡೆಯ ಆ ಸಣ್ಣ ಊರಿನಲ್ಲಿ ಅದನ್ನೆಲ್ಲ ವಿಚಾರಿಸುವ ಪುರುಸೊತ್ತು ಯಾರಿಗಿದೆ? ಬೆಳಗಾದರೆ ಡೇರಿಗೆ ಹಾಲು ಹಾಕಬೇಕು, ಬಸ್ಸು ಹಿಡಿಯಬೇಕು. ಅವನ ಅಜ್ಜಿ ಮುನಿಗಂಗಮ್ಮ ಮಾತ್ರ ಹೊಸ ಶಾಲು ಹೊದ್ದು ಜಗಲಿಯ ಮೇಲೆ ಕೂತು, ಹಾದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆಯುತ್ತಿದ್ದಳು.

"ನಮ್ ವೇಣು ಬರ್ದು ಸಂಪಾದ್ನೆ ಮಾಡಿ ತಂದಿದ್ದು ಕಣಮ್ಮ. ಮುಟ್ನೋಡು, ಎಷ್ಟು ಬೆಚ್ಗೈತೆ."

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ವೇಣು ಎದ್ದು ಒಳಗೆ ಹೋಗಿ ನೀರು ಕುಡಿಯುತ್ತಿದ್ದ. ಬಾಯಾರಿಕೆ ಏನೂ ಇರುತ್ತಿರಲಿಲ್ಲ.

ವೇಣುವಿಗೆ ಈಗ ಮೂವತ್ತಾರು. ಹೆತ್ತವರು ಅವನು ಚಿಕ್ಕವನಿದ್ದಾಗಲೇ ಹೋದರು, ಸಾಕಿದ್ದೆಲ್ಲ ಅಜ್ಜಿಯೇ. ಪಿಯುಸಿ ಮುಗಿಸಿ ಆಂಡರ್ಸನ್‌ಪೇಟೆಯ ಪೆರುಮಾಳ್ ಅವರ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕೆ ಕೂತವನು ಇನ್ನೂ ಅದೇ ಕುರ್ಚಿಯಲ್ಲಿದ್ದಾನೆ. ಲಗ್ನಪತ್ರಿಕೆ, ತಿಥಿ ಕಾರ್ಡು, ತಹಸೀಲ್ದಾರರಿಗೆ ಅರ್ಜಿ. ಊರವರ ಮಾತನ್ನೆಲ್ಲ ಟೈಪು ಮಾಡಿ ಬೆರಳು ಸವೆಸಿದವನಿಗೆ ತನ್ನದೂ ಒಂದು ಪುಸ್ತಕ ಇರಲಿ ಎನ್ನಿಸಿದ್ದರಲ್ಲಿ ತಪ್ಪೇನಿಲ್ಲ. ತಪ್ಪು ಆಮೇಲೆ ಬಂತು.

ಮನೆಯಲ್ಲೇ ಕೂತು ಇ-ಬುಕ್ ಬರೆಯಿರಿ, ನೀವು ಮಲಗಿದ್ದರೂ ದುಡ್ಡು ಬರುತ್ತದೆ ಎಂದು ಫೋನಿನ ವೀಡಿಯೊದಲ್ಲಿ ಒಬ್ಬ ಕೋಟು ಹಾಕಿಕೊಂಡವನು ಹೇಳಿದ. ವೇಣು ನಂಬಿದ. ಮೊದಲು ಕೂದಲು ಉದುರುವುದನ್ನು ನಿಲ್ಲಿಸುವ ಬಗ್ಗೆ ಬರೆದ. ಅವನ ತಲೆಯನ್ನು ನೋಡಿದ ಯಾರೂ ಅದನ್ನು ಕೊಳ್ಳುವಂತಿರಲಿಲ್ಲ. ಎರಡನೆಯದು ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ. ಅದನ್ನು ಕೊಂಡವನು ಅವನ ಬಾಮೈದ ಒಬ್ಬನೇ, ಅದೂ ಅಕ್ಕನ ಮುಖ ನೋಡಿ.

ಪೆರುಮಾಳ್ ಒಂದು ದಿನ ಟೀ ಕುಡಿಯುತ್ತಾ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು. "ತಂಬಿ, ಊರೋರಿಗೆಲ್ಲ ಗೊತ್ತಿರೋದು ನೀನು ಬರದ್ರೆ ಯಾರಪ್ಪಾ ತಗೋತಾರೆ? ನಿನ್ಗೆ ಮಾತ್ರ ಗೊತ್ತಿರೋದು ಏನಿದೆ, ಅದು ಬರಿ."

ವೇಣುವಿಗೆ ಮಾತ್ರ ಗೊತ್ತಿರುವುದು ಒಂದಿತ್ತು. ಅದು ಅವನದಾಗಿರಲಿಲ್ಲ, ಅಷ್ಟೇ.

ಮುನಿಗಂಗಮ್ಮ ದನಗಳಿಗೆ ನಾಟಿ ಮದ್ದು ಕೊಡುತ್ತಿದ್ದಳು. ಹೊಟ್ಟೆ ಉಬ್ಬರಕ್ಕೆ, ಕೆಚ್ಚಲು ಬಾವಿಗೆ, ಕರು ಹಾಕಿಯೂ ಕಸ ಬೀಳದ ಹಸುವಿಗೆ. ಅವಳ ಅತ್ತೆಯಿಂದ ಬಂದ ವಿದ್ಯೆ, ಅತ್ತೆಗೆ ಅವರ ಅತ್ತೆಯಿಂದ. ಸೊಪ್ಪು ಯಾವುದೆಂದು ಯಾರಿಗೂ ಹೇಳುತ್ತಿರಲಿಲ್ಲ. ಅರೆದು ಉಂಡೆ ಮಾಡಿಯೇ ಕೈಗೆ ಕೊಡುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ದನ ಎದ್ದ ಮೇಲೆ ಎರಡು ಎಲೆ, ಒಂದು ಅಡಿಕೆ ತಂದು ಅವಳ ಮುಂದಿಡಬೇಕು, ಅವಳು ಮುಟ್ಟಿ ತೆಗೆದುಕೊಳ್ಳಬೇಕು. ಆಗಲೇ ಮದ್ದು ಪೂರ್ತಿಯಾದ ಹಾಗೆ.

ಎರಡು ವರ್ಷದ ಹಿಂದೆ ಮಂಡಿ ನೋವು ಹೆಚ್ಚಾಗಿ ಕೆರೆ ಏರಿ ಹತ್ತಲಾರದೆ ಹೋದಾಗ ಅವಳು ವೇಣುವನ್ನು ಕೊಟ್ಟಿಗೆಗೆ ಕರೆದಳು. ಹಸುವಿನ ಬೆನ್ನ ಮೇಲೆ ಅವನ ಕೈ ಇಡಿಸಿದಳು.

"ಒಂದೊಂದೇ ಏಳ್ತೀನಿ. ಬರ್ಕೊ ಬೇಕಾದ್ರೆ. ಮನೆ ದಾಟ್ಬಾರ್ದು, ಇದ್ರಾಗೆ ದುಡ್ಡು ಮುಟ್ಬಾರ್ದು. ಆಯ್ತೇನ್ಲಾ?"

"ಆಯ್ತಜ್ಜಿ" ಎಂದ ವೇಣು. ಆಗ ಅವನು ಹೇಳಿದ್ದು ನಿಜವಾಗಿಯೂ ಮನಸ್ಸಿನಿಂದಲೇ.

ಆ ಮದ್ದುಗಳೇ ಮೂರನೆಯ ಪುಸ್ತಕವಾದವು. 'ಹಸುವಿನ ಮನೆಮದ್ದು: ನಲವತ್ತು ಗುಟ್ಟುಗಳು', ಬರೆದವರು 'ಪಶುಬಂಧು'. ಮುಖಪುಟಕ್ಕೆ ಇಂಟರ್‌ನೆಟ್ಟಿನಿಂದ ಒಬ್ಬ ಅಜ್ಜಿಯ ಚಿತ್ರ. ದೊಡ್ಡ ಮೂಗುಬೊಟ್ಟಿನ ಆಕೆ ಯಾವ ಸೀಮೆಯವಳೋ ದೇವರಿಗೇ ಗೊತ್ತು. ಹೆಂಡತಿ ಪುಷ್ಪ ನೋಡಿ, "ಅಜ್ಜಿಗೆ ಮಾತು ಕೊಟ್ಟಿದ್ದೀಯಲ್ಲ?" ಎಂದಳು. "ಜನಕ್ಕೆ ಉಪಯೋಗ ಆಗ್ಲಿ ಅಂತ" ಎಂದ. ಜನಕ್ಕೆ ಉಪಯೋಗವಾಗಲಿ ಎನ್ನುವವನು ತನ್ನ ಹೆಸರು ಯಾಕೆ ಮುಚ್ಚಿಟ್ಟ ಎಂದು ಪುಷ್ಪ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಈ ಪುಸ್ತಕ ಮಾರಿಹೋಯಿತು. ಹಾಲು ಹಾಕುವ ಜಿಲ್ಲೆಯಲ್ಲಿ ಹೋಗದೆ ಏನು? ಆನ್‌ಲೈನ್ ಅಂಗಡಿಗಳ ಗೊಡವೆ ಹಳ್ಳಿಯವರಿಗೆ ಬೇಡ. ಫೋನಿನಲ್ಲೇ ದುಡ್ಡು ಹಾಕಿದರೆ ವಾಟ್ಸಾಪಿಗೆ ಪುಸ್ತಕ ಬರುತ್ತಿತ್ತು. ಅದಕ್ಕೆಂದೇ ವೇಣು ಇನ್ನೊಂದು ಸಿಮ್ಮು ತೆಗೆದುಕೊಂಡ. ಮೆಸೇಜಿಗೆ ಉತ್ತರ ಕೊಡುತ್ತಿದ್ದ, ಫೋನು ಮಾತ್ರ ಎತ್ತುತ್ತಿರಲಿಲ್ಲ. ದನಿ ಕೇಳಿ ಯಾರಾದರೂ ಗುರುತು ಹಿಡಿದಾರು ಎಂಬ ಅಳುಕು. ಬಂದ ದುಡ್ಡಿನಲ್ಲಿ ಮೊದಲು ತಂದದ್ದೇ ಅಜ್ಜಿಗೆ ಶಾಲು.

ಕಳೆದ ಕಾರ್ತಿಕದ ಒಂದು ಶನಿವಾರ ಆ ಸಿಮ್ಮಿಗೆ ಒಂದೇ ನಂಬರಿನಿಂದ ಆರು ಸಲ ಕರೆ ಬಂತು. ಪುಸ್ತಕ ತೆರೆಯುತ್ತಿಲ್ಲ ಎನ್ನುವವರ ಗೋಳು ಇದ್ದದ್ದೇ ಎಂದುಕೊಂಡು ವೇಣು ಫೋನನ್ನು ಬೋರಲು ಹಾಕಿದ.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಒಂದು ಹಳೆಯ ಬೈಕು ನಿಂತಿತು. ಇಳಿದವನು ಐವತ್ತರ ಗಟ್ಟಿ ಆಳು, ಬಂಗಾರಪೇಟೆಯಾಚೆಯ ಹಳ್ಳಿಯವನು, ಹೆಸರು ಸೊಣ್ಣಪ್ಪ. ಕಲ್ಲು ಒಡೆಯುವ ಕೂಲಿ. ಮನೆಯಲ್ಲಿ ಒಂದೇ ಒಂದು ಸೀಮೆ ಹಸು. ಬಂದವನೇ ಜಗಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತ.

"ಅಮ್ಮೋ, ದನಕ್ಕೆ ಮದ್ದು ಕೊಡೋ ಮುನಿಗಂಗಮ್ಮ ನೀವೇನಾ? ನಮ್ ಅಸ ಮಲಗ್ಬುಟ್ಟೈತೆ. ಮೊನ್ನೆ ಒಟ್ಟೆ ಉಬ್ಬರ ಇತ್ತು, ಮದ್ದು ಕುಡಿಸ್ದೆ. ಉಬ್ಬರ ಓಯ್ತು, ಬೇದಿ ಶುರುವಾಯ್ತು. ನಿಂತೇ ಇಲ್ಲ. ಡಾಕ್ಟ್ರು ಡ್ರಿಪ್ಪು ಆಕವ್ರೆ, ಏಳಕ್ಕಾಗಲ್ಲ ಅಂತಾವ್ರೆ."

"ಯಾರ್ ಕೊಟ್ಟಿದ್ದು ಮದ್ದು?" ಎಂದಳು ಅಜ್ಜಿ.

ಸೊಣ್ಣಪ್ಪ ಜೇಬಿನಿಂದ ಫೋನು ತೆಗೆದ. ಬಾಗಿಲಲ್ಲಿ ನಿಂತಿದ್ದ ವೇಣುವಿಗೆ ಅಷ್ಟು ದೂರದಿಂದಲೇ ಆ ದೊಡ್ಡ ಮೂಗುಬೊಟ್ಟು ಕಂಡಿತು.

"ದುಡ್ಡು ಕೊಟ್ಟು ತಗಂಡ ಪುಸ್ತಕ ಇದು. ಪೋನ್ ಮಾಡಿದ್ರೆ ಎತ್ತಲ್ಲ ನನ್ಮಗ. ಕೇಳಿ, ಓದ್ತೀನಿ." ಸೊಣ್ಣಪ್ಪ ಅಕ್ಷರ ಕೂಡಿಸಿಕೊಂಡು ಓದಿದ. ಸೊಪ್ಪಿನ ಹೆಸರು ಓದಿದ. ಅದನ್ನು ಇಲ್ಲಿ ಬರೆಯುವುದಿಲ್ಲ, ಒಬ್ಬ ಬರೆದು ಆಗಿರುವುದೇ ಸಾಕು. "ಈ ಸೊಪ್ಪನ್ನು ಒಂದು ಮುಷ್ಟಿ ತೆಗೆದುಕೊಂಡು ಅರೆದು ಬಿದಿರಿನ ಗೊಟ್ಟದಲ್ಲಿ ಕುಡಿಸಿ. ಮೊದಲು ಹಸುವನ್ನು ಅದರ ಹೆಸರು ಹೇಳಿ ಕರೆಯಿರಿ. ಹೆಸರು ಕೇಳಿದ ಹಸು ಮದ್ದು ಉಗಿಯುವುದಿಲ್ಲ."

ಹೆಸರು ಹೇಳಿ ಕರೆಯುವ ಮಾತು ಅಜ್ಜಿಯದು, ಅವಳ ಬಾಯಿಂದ ವೇಣುವಿನ ಕಿವಿಗೆ ಮಾತ್ರ ಬಿದ್ದದ್ದು. ಅವಳು ಬಾಗಿಲ ಕಡೆ ತಿರುಗಲಿಲ್ಲ. ತಿರುಗಿ ನಾಲ್ಕು ಬೈದಿದ್ದರೆ ವೇಣು ಬದುಕಿಕೊಳ್ಳುತ್ತಿದ್ದ.

"ನಿನ್ ಕೈ ತೋರ್ಸಪ್ಪ. ಮುಷ್ಟಿ ಇಡಿ" ಎಂದಳು.

ಸೊಣ್ಣಪ್ಪ ಮುಷ್ಟಿ ಹಿಡಿದ. ಮೂವತ್ತು ವರ್ಷ ಸುತ್ತಿಗೆ ಹಿಡಿದ ಕೈ, ಒಂದು ಚೆಂಬಿನಷ್ಟು ದಪ್ಪ. ಅಜ್ಜಿ ಶಾಲಿನೊಳಗಿಂದ ತನ್ನ ಬಲಗೈ ತೆಗೆದು ಅದರ ಪಕ್ಕಕ್ಕಿಟ್ಟಳು. ಆ ಕೈಯಲ್ಲಿ ಕಿರುಬೆರಳೂ ಉಂಗುರದ ಬೆರಳೂ ಇರಲಿಲ್ಲ. ವೇಣು ಹುಟ್ಟುವ ಮೊದಲೇ ಮೇವು ಕತ್ತರಿಸುವ ಮಿಷನ್ನಿಗೆ ಹೋಗಿದ್ದವು. ಉಳಿದ ಮೂರು ಬೆರಳಲ್ಲಿ ಹಿಡಿಯುವ ಸೊಪ್ಪು ಎಷ್ಟು ಮಹಾ?

ವೇಣು ಆ ಕೈ ಹಿಡಿದೇ ನಡೆಯಲು ಕಲಿತವನು. ಆ ಕೈಯ ತುತ್ತು ತಿಂದು ಬೆಳೆದವನು. ಬೆರಳಿಲ್ಲ ಎಂಬುದೇ ಅವನಿಗೆ ಮರೆತುಹೋಗುವಷ್ಟು ಆ ಕೈ ಅವನಿಗೆ ಬಳಕೆಯಾಗಿತ್ತು. ಅವಳು ಒಂದು ಮುಷ್ಟಿ ಎಂದಳು, ಅವನು ಒಂದು ಮುಷ್ಟಿ ಎಂದು ಟೈಪು ಮಾಡಿದ. ಅದೇ ಅಕ್ಷರ, ಅದೇ ಮಾತು, ಮದ್ದು ಮಾತ್ರ ಎರಡರಷ್ಟು.

"ಬರ್ದೋನ ಮನೆ ಆಳಾಗ" ಎಂದ ಸೊಣ್ಣಪ್ಪ, ದುಃಖಕ್ಕೆ ಬಾಯಿ ಸಡಿಲವಾಗಿ. "ಬಾಯಿಲ್ದ ಪ್ರಾಣಿ ಮೇಲೆ ದುಡ್ಡು ಮಾಡೋನು ಅವ್ನೆಂತ ಮನ್ಷ? ಅವ್ನ ಸಾಕ್ದೋರು ಏನು ತಿನ್ನಿಸಿ ಸಾಕುದ್ರೋ!"

ಸಾಕಿದವಳು ಎದುರಿಗೇ ಕೂತಿದ್ದಳು. ಬರೆದವನು ನಾನೇ ಕಣಪ್ಪ ಎಂದು ವೇಣು ಒಂದು ಮಾತು ಹೇಳಿದ್ದರೆ ಆ ಬೈಗಳು ಅವಳನ್ನು ದಾಟಿ ಸರಿಯಾದ ಜಾಗಕ್ಕೆ ಬೀಳುತ್ತಿತ್ತು. ಅವನು ಬಾಗಿಲ ಚೌಕಟ್ಟಿನ ಬಣ್ಣ ಕೆರೆಯುತ್ತಾ ನಿಂತ.

"ಮದ್ದು ನಂದೇ ಕಣಪ್ಪ. ಮುಷ್ಟಿ ಅಂದ್ರೆ ನನ್ ಮುಷ್ಟಿ ಅಂತ ಏಳಿಕೊಡ್ಬೇಕಾಗಿತ್ತು. ಏಳ್ಲಿಲ್ಲ. ತಪ್ಪು ನಂದು" ಎಂದಳು ಮುನಿಗಂಗಮ್ಮ. ಆಮೇಲೆ, ತಿರುಗದೆಯೇ, "ವೇಣು, ಗಾಡಿ ತೆಗಿ" ಎಂದಳು.

ಮುಂದೆ ಸೊಣ್ಣಪ್ಪನ ಬೈಕು, ಹಿಂದೆ ವೇಣುವಿನದು. ಮಂಡಿ ನೋವಿನ ಮುದುಕಿ ಮೊಮ್ಮಗನ ಹೆಗಲು ಹಿಡಿದು ಕೂತಿದ್ದಳು. ಆ ಮೂರು ಬೆರಳಿನ ಲೆಕ್ಕ ಅಂಗಿಯ ಮೇಲಿನಿಂದಲೇ ಅವನಿಗೆ ಸಿಗುತ್ತಿತ್ತು. ಬಂಗಾರಪೇಟೆ ದಾಟಿದ ಮೇಲೆ ಒಂದು ರೈಲು ಗೇಟು ಹಾಕಿತ್ತು. ಗಾಡಿ ಆಫ್ ಮಾಡಿದ ಮೇಲೆ ವೇಣುವಿಗೆ ಸುಮ್ಮನಿರಲಾಗಲಿಲ್ಲ.

"ಅಜ್ಜಿ, ಆ ಪುಸ್ತಕ..."

"ಗೊತ್ತಾಯ್ತು ಬುಡು." ಗೂಡ್ಸು ಗಾಡಿ ಪೂರ್ತಿ ಹೋಯಿತು. ಗೇಟು ಏಳುವಾಗ ಕೇಳಿದಳು. "ಈ ಶಾಲೂ ಅದ್ರದೇನಾ?"

ವೇಣು ಗಾಡಿ ಸ್ಟಾರ್ಟ್ ಮಾಡಿದ.

ಹಸು ಗೋಣಿಚೀಲದ ಮೇಲೆ ಬಿದ್ದಿತ್ತು. ಅಜ್ಜಿ ಯಾವ ಸೊಪ್ಪೂ ಮುಟ್ಟಲಿಲ್ಲ. ತೆಳ್ಳಗೆ ರಾಗಿ ಗಂಜಿ ಕಾಯಿಸಿ ಮಜ್ಜಿಗೆ, ಉಪ್ಪು ಬೆರೆಸಿ ಹೊತ್ತುಹೊತ್ತಿಗೆ ಕುಡಿಸಿದಳು. ಶಾಲು ತೆಗೆದು ಹಸುವಿನ ಬೆನ್ನಿಗೆ ಹೊದಿಸಿದಳು. ಹಸುವಿನ ಮಗ್ಗುಲು ಬದಲಿಸುವಾಗ ಬಾಲದ ಕಡೆ ನಿಂತು ಎತ್ತಿದವನು ವೇಣು. ಅಂಗಿ, ಪ್ಯಾಂಟು, ಮುಖವೆಲ್ಲ ಭೇದಿ ಆಯಿತು. ಒರೆಸಿಕೊಳ್ಳಲೂ ಅವನಿಗೆ ಮನಸ್ಸಾಗಲಿಲ್ಲ. ಡಾಕ್ಟರೂ ಬಂದು ಇನ್ನೊಂದು ಬಾಟಲಿ ಏರಿಸಿದರು. ಅವರ ಡ್ರಿಪ್ಪೋ ಇವಳ ಗಂಜಿಯೋ, ಇಳಿಹೊತ್ತಿಗೆ ಹಸು ಮುಂಗಾಲು ಮಡಚಿತು, ಎರಡು ಸಲ ಮುಗ್ಗರಿಸಿತು, ಎದ್ದು ನಿಂತಿತು. ಹಾಲು ಬತ್ತಿಹೋಗಿತ್ತು. ಈ ಸೂಲಿಗೆ ಇನ್ನು ಬರುವುದಿಲ್ಲ ಎಂದರು ಡಾಕ್ಟರು.

ಸೊಣ್ಣಪ್ಪನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗಿ ತಟ್ಟೆ ತಂದಳು. ತಟ್ಟೆಯಲ್ಲಿ ಎರಡು ಎಲೆ, ಒಂದು ಅಡಿಕೆ. ಅಜ್ಜಿ ಆ ತಟ್ಟೆಯನ್ನೇ ನೋಡಿದಳು. ಕೈ ಚಾಚಲಿಲ್ಲ.

"ಬ್ಯಾಡಮ್ಮ. ನಾನಿದ್ನ ಮುಟ್ಟಂಗಿಲ್ಲ."

"ಯಾಕಮ್ಮೋ? ಅಸ ಎದ್ದೈತಲ್ಲ?"

ಅಜ್ಜಿ ನೆಲಕ್ಕೆ ಕೈಯೂರಿ ಎದ್ದಳು. ಶಾಲನ್ನು ಹಸುವಿನ ಮೇಲೇ ಬಿಟ್ಟು ಬಂದಳು. ಬರುವಾಗ ಗಾಳಿ ಕೊರೆಯುತ್ತಿತ್ತು. ಅವಳು ನಡುಗುತ್ತಿರುವುದು ವೇಣುವಿನ ಬೆನ್ನಿಗೆ ಗೊತ್ತಾಗುತ್ತಿತ್ತು. ನಾಚಿಕೆಗೆ ಅವನಿಗೆ ಅಳುವೂ ಬರಲಿಲ್ಲ. ಮೂವತ್ತಾರು ವರ್ಷದಲ್ಲಿ ತಾನು ಇಷ್ಟು ಸಣ್ಣವನು ಎಂದು ಅವನಿಗೆ ಅನ್ನಿಸಿರಲಿಲ್ಲ.

ಮನೆಗೆ ಬಂದ ಕೂಡಲೇ ಪುಸ್ತಕವನ್ನು ಎಲ್ಲ ಕಡೆಯಿಂದ ತೆಗೆದುಹಾಕಿದ. ಬೆಳಿಗ್ಗೆ ಅಜ್ಜಿಯ ಹತ್ತಿರ ಬಂದು, "ಅಳಿಸ್ಬುಟ್ಟೆ ಅಜ್ಜಿ" ಎಂದ.

"ತಗಂಡೋರ ಅತ್ರ ಐತಲ್ಲ, ಅದು?" ಎಂದಳು. ಅವನ ಅಂಗೈ ಎಳೆದು, ಅಂಗಳದ ಬೇಲಿಯಿಂದ ಕಿತ್ತ ಯಾವುದೋ ಸೊಪ್ಪನ್ನು ತನ್ನ ಮೂರು ಬೆರಳಲ್ಲಿ ಹಿಡಿದು ಅದರಲ್ಲಿ ಸುರಿದಳು. ಅದು ವೇಣುವಿನ ಅಂಗೈಯ ಅರ್ಧವೂ ಆಗಲಿಲ್ಲ. "ಇಷ್ಟು. ಎಲ್ರಿಗೂ ಪೋನ್ ಮಾಡಿ ಏಳು. ಬರ್ದು ಕಳ್ಸೋದಲ್ಲ, ಬಾಯಲ್ಲಿ ಏಳು. ಯಾರು ಅಂತಾನೂ ಏಳು."

ಪಟ್ಟಿಯಲ್ಲಿ ನಾನ್ನೂರ ಚಿಲ್ಲರೆ ಜನ ಇದ್ದರು. ಅಂಗಡಿಯಿಂದ ಬಂದ ಮೇಲೆ ಜಗಲಿಯಲ್ಲಿ, ಅಜ್ಜಿಯ ಎದುರಿಗೇ ಕೂತು ವೇಣು ಫೋನು ಹಚ್ಚುತ್ತಿದ್ದ. "ನಾನು ವೇಣು, ಮುನಿಗಂಗಮ್ಮನ ಮೊಮ್ಮಗ. ಆ ಪುಸ್ತಕ ಬರ್ದೋನು ನಾನೇ. ಅದ್ರಾಗೆ ತಪ್ಪೈತೆ." ಕೆಲವರು ಬೈದರು. ಒಬ್ಬ ದುಡ್ಡು ವಾಪಸ್ಸು ಕೇಳಿದ. ಕೋಲಾರದ ಕಡೆಯ ಒಬ್ಬಾಕೆ, "ನಮ್ಮ ಕರು ಸತ್ತಿದ್ದು ಇದಕ್ಕೇನಾ?" ಎಂದು ಕೇಳಿ, ಅವನು ತಡವರಿಸುವಷ್ಟರಲ್ಲಿ ಫೋನು ಇಟ್ಟಳು. ಆ ಸಂಜೆ ವೇಣು ಊಟ ಮಾಡಲಿಲ್ಲ. ಪುಷ್ಪ ಬಲವಂತ ಮಾಡಲೂ ಇಲ್ಲ.

ಸೊಣ್ಣಪ್ಪನ ನಂಬರನ್ನು ಕೊನೆಗೆ ಇಟ್ಟುಕೊಂಡಿದ್ದ. ಹನ್ನೊಂದನೆಯ ದಿನ ಅದೊಂದೇ ಉಳಿಯಿತು. ಹೆಸರು ಹೇಳಿದ, ಉಳಿದದ್ದನ್ನೂ ಹೇಳಿದ.

"ಅವತ್ತು ನೀನು ಅಲ್ಲೇ ನಿಂತಿದ್ದೆ" ಎಂದ ಸೊಣ್ಣಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಯಮ್ಮ ಎಲೆ ಅಡಿಕೆ ಯಾಕೆ ಮುಟ್ಲಿಲ್ಲ ಅಂತ ನಮ್ಮನೇವ್ಳು ದಿನಾ ಕೇಳ್ತಾವ್ಳೆ. ಏನು ಕಮ್ಮಿ ಮಾಡಿದ್ವೋ ಅಂತ ಅಳ್ತಾವ್ಳೆ. ಏಳ್ತೀನಿ ಬುಡು." ಫೋನು ಇಟ್ಟ.

ಅಜ್ಜಿ ಹಳೆಯ ಕಂಬಳಿ ಹೊದ್ದು ಕಂಬಕ್ಕೆ ಒರಗಿದ್ದಳು. ಸೊಣ್ಣಪ್ಪನ ಹಸು ನೋಡಿ ಬಂದ ದಿನದಿಂದ ಮದ್ದು ಕೇಳಿ ಯಾರು ಬಂದರೂ ಮರೆತುಹೋಗಿದೆ ಎಂದು ಕಳಿಸುತ್ತಿದ್ದಳು.

"ಇನ್ನೆಷ್ಟು ಜನ ಅವ್ರೆ?" ಎಂದು ಕೇಳಿದಳು.

"ಆಯ್ತಜ್ಜಿ. ಇವ್ರೇ ಕೊನೆ."

"ಇವ್ರೆಲ್ಲ ಅವ್ರಿವ್ರಿಗೆ ಕಳ್ಸಿರ್ತಾರಲ್ಲ, ಅವ್ರಿಗೆ?"

ವೇಣುವಿನ ಹತ್ತಿರ ಅವರ ನಂಬರು ಇರಲಿಲ್ಲ.